ಗಾಜಿನವನ ಎರಡನೆಯ ಸಂಸಾರ

ಆ ಬೀದಿಯಲ್ಲಿ ಅವನನ್ನು ಹೆಸರು ಹಿಡಿದು ಕರೆಯುವವರು ಯಾರೂ ಇರಲಿಲ್ಲ. ಕಿಟಕಿ ಒಡೆದರೂ ಗಾಜಿನವನು, ಬಚ್ಚಲಿನ ಕನ್ನಡಿ ಕಲೆಗಟ್ಟಿದರೂ ಗಾಜಿನವನು. ಉದ್ದನೆಯ ಒಂದೇ ಕೋಣೆಯ ಅಂಗಡಿ ಅವನದು. ಒಂದು ಗೋಡೆಗೆ ಮರದ ಚೌಕಟ್ಟು, ಅದರಲ್ಲಿ ಓರೆಯಾಗಿ ನಿಲ್ಲಿಸಿದ ಗಾಜಿನ ಹಾಳೆಗಳು. ನಡುವೆ ಹಳೆಯ ಕಂಬಳಿ ಹೊದಿಸಿದ ದೊಡ್ಡ ಮೇಜು. ಮೂಲೆಯಲ್ಲಿ ಅಂಚು ಉಜ್ಜುವ ಯಂತ್ರ. ಅಳತೆಪಟ್ಟಿ ಇಟ್ಟು, ಸೀಮೆಎಣ್ಣೆಯಲ್ಲಿ ಅದ್ದಿದ ಕಟರಿನಿಂದ ಗೆರೆ ಎಳೆದು, ಹಾಳೆಯನ್ನು ಮೇಜಿನ ಅಂಚಿಗೆ ತಂದು ಮೆಲ್ಲಗೆ ಒತ್ತುತ್ತಿದ್ದ. ಗಾಜು ಗೆರೆಯ ಮೇಲೆಯೇ ಬಿಡುತ್ತಿತ್ತು. ದಿನವಿಡೀ ಇದೇ ಕೆಲಸ. ಮಾತು ಕಡಿಮೆ.

ಅವನ ಜೊತೆ ಕೆಲಸಕ್ಕಿದ್ದವನು ಅವನ ಭಾವಮೈದುನ, ಅಂದರೆ ತೀರಿಹೋದ ಮೊದಲ ಹೆಂಡತಿಯ ತಮ್ಮ. ದೊಡ್ಡ ಹಾಳೆಯನ್ನು ಒಬ್ಬನೇ ಎತ್ತುವ ಹಾಗಿಲ್ಲ. ಆ ತುದಿಗೆ ಒಬ್ಬ, ಈ ತುದಿಗೆ ಒಬ್ಬ, ಹೆಜ್ಜೆಗೆ ಹೆಜ್ಜೆ ಸೇರಿಸಿ ನಡೆಯಬೇಕು. ಹೀಗೆ ಇಬ್ಬರೂ ವರ್ಷಗಟ್ಟಲೆ ಗಾಜು ಹೊತ್ತಿದ್ದರು. "ಭಾವ, ಎಡಕ್ಕೆ", "ಭಾವ, ಮೆಟ್ಟಿಲು" ಎನ್ನುವುದು ಬಿಟ್ಟರೆ ಬೇರೆ ಮಾತಿಗೆ ಅವಕಾಶವೂ ಇರಲಿಲ್ಲ, ಅಗತ್ಯವೂ ಬೀಳಲಿಲ್ಲ.

ಮೊದಲ ಹೆಂಡತಿ ಮೂತ್ರಪಿಂಡದ ಕಾಯಿಲೆಯಿಂದ ಹೋದಾಗ ಅವನು ಅತ್ತ ಪರಿ ನೋಡಿ ಜನ ಹೆದರಿದ್ದರು. ಮೈದುನನೇ ಅವನನ್ನು ಹಿಡಿದುಕೊಂಡು ಕೂತಿದ್ದ. ಆಮೇಲೆ ಅಳು ನಿಂತಿತು. ಅದರ ಜೊತೆ ಇನ್ನೂ ಏನೇನೋ ನಿಂತುಹೋಯಿತು. ಊಟದ ಹೊತ್ತಿಗೆ ಉಣ್ಣುವುದು, ಕೆಲಸದ ಹೊತ್ತಿಗೆ ಕೆಲಸ. ರಜೆಯ ದಿನ ಅತ್ತೆಯ ಮನೆಗೆ ಹೋಗಿ, ಅವಳು ಬಡಿಸಿದ್ದನ್ನು ತಿಂದು, ಅವಳ ಹಾಸಿಗೆಯ ಪಕ್ಕದ ಕುರ್ಚಿಯಲ್ಲಿ ಒಂದಿಷ್ಟು ತೂಕಡಿಸಿ ಬರುವುದು. ಅತ್ತೆ ಅವನನ್ನು "ಮಗಾ" ಎನ್ನುತ್ತಿದ್ದಳು. ಮಗಳು ಹೋದ ಮೇಲೂ ಹಾಗೆಯೇ ಕರೆದಳು.

ಎರಡನೆಯವಳು ಸಿಕ್ಕಿದ್ದು ಒಂದು ಹೊಸ ಕಟ್ಟಡದಲ್ಲಿ. ಅವಳು ಪರದೆ ಹೊಲಿಯುವವಳು. ಅವನು ಗಾಜು ಕೂರಿಸುತ್ತಿದ್ದ ಕಿಟಕಿಯ ಅಳತೆ ತೆಗೆಯಲು ಟೇಪು ಹಿಡಿದು ಬಂದಿದ್ದಳು. "ನೀವು ಇಳಿದ್ರೆ ನಾನು ಹತ್ತಬಹುದು" ಅಂದಳು. ಇದ್ದದ್ದು ಒಂದೇ ಏಣಿ. ಅವಳನ್ನು ಗಂಡ ಬಿಟ್ಟು ಬಹಳ ಕಾಲವಾಗಿತ್ತು, ಮಕ್ಕಳಿರಲಿಲ್ಲ. ನಾಲ್ಕಾರು ಕಟ್ಟಡಗಳಲ್ಲಿ ಹೀಗೇ ಒಬ್ಬರಿಗೊಬ್ಬರು ಎದುರಾದ ಮೇಲೆ ಮೈದುನನೇ, "ಭಾವ, ಇನ್ನೂ ಎಷ್ಟು ದಿನ ನಮ್ಮಮ್ಮನ ಕೈ ಊಟ? ಆ ಪರದೆಯವರನ್ನ ಕೇಳಿ ನೋಡಿ" ಅಂದ. ಕೇಳಿದ. ಅವಳು ಒಂದು ವಾರ ಯೋಚನೆ ಮಾಡಿ ಒಪ್ಪಿಕೊಂಡಳು. ಅತ್ತೆಯೂ ಬಂದು ಹರಸಿ ಹೋದಳು.

ಮದುವೆಯಾಗಿ ಕೆಲವು ತಿಂಗಳಾಗಿತ್ತು. ಒಂದು ಭಾನುವಾರ ಮಧ್ಯಾಹ್ನ ಇಬ್ಬರೂ ಮಲಗಿದ್ದರು. ಆಗಬೇಕಾದದ್ದು ಎಂದಿನ ಹಾಗೆ ಶುರುವಾಗುವ ಹೊತ್ತಿಗೆ ಮುಗಿದುಹೋಗಿತ್ತು. ಅವನು ಎಂದಿನ ಹಾಗೆ ಆ ಕಡೆ ತಿರುಗಿ ಮಲಗಿದ.

"ಒಂದು ಮಾತು ಕೇಳ್ಲಾ?" ಅಂದಳು.

"ಕೇಳು."

"ಮೊದ್ಲಿಂದಾನೂ ಹೀಗೇನಾ, ಇಲ್ಲ ನನ್ನ ಜೊತೆ ಮಾತ್ರಾನಾ?"

ಅವನು ಗೋಡೆ ನೋಡುತ್ತಿದ್ದ. "ಮೊದ್ಲಿಂದಾನೂ."

"ಮೊದಲನೆಯವರು ಏನೂ ಅಂತಿರ್ಲಿಲ್ವಾ?"

"ಇಲ್ಲ."

"ಒಂದಿನಾನೂ?"

"ಒಂದಿನಾನೂ ಇಲ್ಲ."

ಅವಳು ಎದ್ದು ಕೂತಳು. "ಹಾಗಾದ್ರೆ ನಾನು ಅಂತೀನಿ. ಬೇಜಾರು ಮಾಡ್ಕೋಬೇಡಿ. ನಂಗೂ ಏನಾದ್ರೂ ಬೇಕಲ್ವಾ? ಇದಕ್ಕೆ ಔಷಧಿ ಇರುತ್ತೆ. ಮೂಗು ಸೋರಿದ್ರೂ ಡಾಕ್ಟ್ರ ಹತ್ರ ಓಡ್ತೀವಿ, ಇದಕ್ಕೆ ಹೋಗ್ಬಾರ್ದಾ?"

ಅವನಿಗೆ ಅವಮಾನವಾಗಬೇಕಿತ್ತು. ಆದರೆ ಆ ಗಳಿಗೆಯಲ್ಲಿ ಅವನ ಮನಸ್ಸಿನಲ್ಲಿ ಇದ್ದವಳು ಎದುರಿಗಿದ್ದ ಹೆಂಡತಿಯಲ್ಲ, ಹೋದವಳು. ಅವಳು "ನಿದ್ದೆ ಬಂತು" ಎಂದು ಹೊದಿಕೆ ಎಳೆದುಕೊಳ್ಳುತ್ತಿದ್ದುದನ್ನು ಅವನು ಇಷ್ಟು ವರ್ಷ ನೆಮ್ಮದಿ ಎಂದುಕೊಂಡಿದ್ದ. ಅಷ್ಟು ಕಾಲವೂ ಅವಳು ಬಾಯಿಗೆ ಬೀಗ ಹಾಕಿಕೊಂಡು ಮಲಗಿದ್ದಳೇ? ಯೋಚನೆ ಬಂತು, ಅದರ ಹಿಂದೆ ನೋವು ಬರಲಿಲ್ಲ. ಎದೆಯ ಮೇಲೆ ಯಾರೋ ಚೀಲ ಇಟ್ಟುಹೋದಷ್ಟು ಭಾರ ಮಾತ್ರ ಇತ್ತು.

ಅವನಿಗೆ ಏನೂ ಗೊತ್ತಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ವಯಸ್ಸಿನಲ್ಲಿ ಒಮ್ಮೆ ಬಸ್ ನಿಲ್ದಾಣದ ಗೋಡೆಯ ಚೀಟಿ ಓದಿ, ಒಂದು ಡಬ್ಬಿ ಪುಡಿ ತಂದು ಅಂಗಡಿಯಲ್ಲೇ ಬಚ್ಚಿಟ್ಟುಕೊಂಡು ತಿಂದಿದ್ದ. ಆಗಿದ್ದು ಬರೀ ಭೇದಿ. ಅತ್ತೆ ತನ್ನ ಅಡುಗೆಯಿಂದಲೇ ಹೀಗಾಯಿತು ಎಂದು ನೊಂದುಕೊಂಡು, ಇದ್ದಬದ್ದ ಪಾತ್ರೆಯನ್ನೆಲ್ಲ ಬಿಸಿನೀರಿನಲ್ಲಿ ತೊಳೆದಿದ್ದಳು. ಆಮೇಲೆ ಅವನು ಆ ವಿಷಯದ ಗೋಜಿಗೆ ಹೋಗಲಿಲ್ಲ. ಕೆಲವರು ಕುಳ್ಳಗಿರುತ್ತಾರೆ, ಕೆಲವರಿಗೆ ಬೇಗ ಕೂದಲು ಉದುರುತ್ತದೆ, ನಾನು ಹೀಗೆ, ಅಷ್ಟೇ ಎಂದುಕೊಂಡ.

ಆಸ್ಪತ್ರೆಗೆ ಅವಳೇ ಕರೆದುಕೊಂಡು ಹೋದಳು. ಡಾಕ್ಟರಿಗೆ ನೆಗಡಿಯಾಗಿತ್ತು, ಮಾತಿನ ನಡುವೆ ಮೂಗು ಒರೆಸಿಕೊಳ್ಳುತ್ತಿದ್ದರು. ಗಾಜಿನವನು ಅವರ ಹಿಂದಿನ ಕಿಟಕಿಯನ್ನು ನೋಡುತ್ತ ಉತ್ತರ ಕೊಟ್ಟ. ಆ ಕಿಟಕಿಯ ಒಂದು ಗಾಜಿಗೆ ಅಂಚಿಗೆ ಮೆತ್ತುವ ಪುಟ್ಟಿ ಸರಿಯಾಗಿ ಕೂತಿರಲಿಲ್ಲ.

"ಎಷ್ಟು ಹೊತ್ತು ತಡೆಯುತ್ತೆ?" ಡಾಕ್ಟರು ಕೇಳಿದರು.

ಅವನು ಹೆಂಡತಿಯ ಮುಖ ನೋಡಿದ. ಅವಳು, "ಹೊತ್ತು ಅನ್ನೋಷ್ಟು ಇಲ್ಲ ಡಾಕ್ಟ್ರೇ" ಅಂದಳು.

"ಒಂದು ನಿಮಿಷ?"

"ಅದರೊಳಗೇ."

ಡಾಕ್ಟರು ನಗಲಿಲ್ಲ. ಗಡಸುತನ ಬರುತ್ತದೆಯೇ, ಮೂತ್ರ ಉರಿಯೇ, ಸಕ್ಕರೆ ಕಾಯಿಲೆಯೇ, ಕುಡಿತವೇ ಎಂದು ಒಂದೊಂದಾಗಿ ಕೇಳಿದರು. ಬೇರೆ ಕಾಯಿಲೆ ಇಲ್ಲವೆಂದು ಖಾತ್ರಿಯಾಗಲಿ ಎಂದು ರಕ್ತ ಪರೀಕ್ಷೆಗೆ ಬರೆದರು. ಮುಂದಿನ ಸಲ ಹೋದಾಗ ಎಲ್ಲ ಸರಿಯಿದೆ ಅಂದರು.

"ಇದಕ್ಕೆ ಶೀಘ್ರಸ್ಖಲನ ಅಂತಾರೆ. ನಿಮ್ಮದು ಮೊದಲಿನಿಂದಲೂ ಇರೋ ಬಗೆ. ತುಂಬಾ ಜನಕ್ಕೆ ಇರುತ್ತೆ, ಬಾಯಿಬಿಟ್ಟು ಹೇಳೋರು ಕಡಿಮೆ. ನಿಮ್ಮ ತಪ್ಪೇನೂ ಇಲ್ಲ ಇದ್ರಲ್ಲಿ. ದಾರಿಗಳಿವೆ. ಒಂದು, ಅಭ್ಯಾಸ. ಇನ್ನೇನು ಆಗುತ್ತೆ ಅನ್ನಿಸಿದಾಗ ಪೂರ್ತಿ ನಿಲ್ಲಿಸ್ಬೇಕು, ಆ ವೇಗ ಇಳಿದ ಮೇಲೆ ಮತ್ತೆ ಶುರು. ಇಬ್ಬರೂ ಮಾತಾಡ್ಕೊಂಡು ಮಾಡೋದು ಅದು. ಜೊತೆಗೆ ಮೂತ್ರ ತಡೆಯೋಕೆ ಬಿಗಿ ಹಿಡೀತೀವಲ್ಲ, ಆ ಸ್ನಾಯುಗಳ ವ್ಯಾಯಾಮ. ಇನ್ನೊಂದು, ಮರಗಟ್ಟಿಸೋ ಮುಲಾಮು. ಆಮೇಲೆ ಮಾತ್ರೆ. ಬೇಕಾದಾಗ ಮೊದಲೇ ನುಂಗೋದು ಒಂದಿದೆ, ದಿನಾ ನುಂಗೋದು ಒಂದಿದೆ. ದಿನಾ ನುಂಗೋದು ಅಸಲಿಗೆ ಖಿನ್ನತೆಗೆ ಕೊಡೋ ಮಾತ್ರೆ. ಸ್ಖಲನ ತಡ ಮಾಡೋದು ಅದರ ಅಡ್ಡಪರಿಣಾಮ. ಇಲ್ಲಿ ನಮಗೆ ಬೇಕಾಗಿರೋದೇ ಅದು."

ಮೊದಲು ಅಭ್ಯಾಸ ನೋಡಿ ಅಂದರು. ಗಾಜಿನವನು ಸೋತಿದ್ದು ಅಲ್ಲೇ. ತಡೆಯುವುದು ಆಮೇಲಿನ ಮಾತು, "ನಿಲ್ಸು" ಎಂಬ ಒಂದು ಶಬ್ದವೇ ಅವನ ಬಾಯಿಂದ ಹೊರಡಲಿಲ್ಲ. ಹೇಳಬೇಕು ಎಂದುಕೊಳ್ಳುತ್ತಲೇ ಹೊತ್ತು ಮೀರಿಹೋಗುತ್ತಿತ್ತು.

"ಗಾಜು ಹೊತ್ತಾಗ ಮೈದುನನಿಗೆ ನಿಲ್ಲು ಅಂತೀರಲ್ವಾ? ಇಲ್ಲೇನು ಕಷ್ಟ?" ಅಂದಳು.

"ಅದು ಬೇರೆ" ಅಂದ. ಹೇಗೆ ಬೇರೆ ಎಂದು ಅವನಿಗೂ ಗೊತ್ತಿರಲಿಲ್ಲ.

ಮುಲಾಮು ತಂದರು. ತೆಳ್ಳಗೆ ಹಚ್ಚಿ, ಸ್ವಲ್ಪ ಹೊತ್ತು ಬಿಟ್ಟು ತೊಳೆಯಬೇಕು ಎಂದು ಡಾಕ್ಟರು ಹೇಳಿದ್ದರು. ಅವನು ಗೋಡೆಗೆ ಸುಣ್ಣ ಬಳಿದ ಹಾಗೆ ಬಳಿದುಕೊಂಡ, ತೊಳೆಯುವುದನ್ನು ಮರೆತ. ಅವನಿಗೂ ಏನೂ ತಿಳಿಯಲಿಲ್ಲ, ಅವಳಿಗೂ ತಿಳಿಯಲಿಲ್ಲ. ಇಬ್ಬರೂ ಅಕ್ಕಪಕ್ಕ ಮಲಗಿ ಮೇಲೆ ನೋಡಿದರು.

"ಹಲ್ಲು ಕೀಳಿಸ್ಕೊಂಡು ಬಂದ ಹಾಗಿದೆ" ಅಂದಳು ಅವಳು.

ಅವನಿಗೆ ನಗು ಬಂತು. ಬಹಳ ದಿನಗಳ ಮೇಲೆ ಹೊಟ್ಟೆ ಕುಲುಕುವಷ್ಟು ನಕ್ಕ. ಅವನಿಗೆ ಹೀಗೂ ನಗಲು ಬರುತ್ತದೆ ಎಂದು ಅವಳಿಗೆ ಅಂದೇ ಗೊತ್ತಾಗಿದ್ದು. ಆಮೇಲೆ ಹಿತಮಿತವಾಗಿ ಹಚ್ಚಿ, ತೊಳೆದು ನೋಡಿದರು. ಒಂದಷ್ಟು ಉಪಯೋಗವಾಯಿತು. ಆದರೆ ಗಡಿಯಾರ ನೋಡುತ್ತ ಕಾಯುವುದು, ಎದ್ದುಹೋಗಿ ತೊಳೆದು ಬರುವುದು ಅವನಿಗೆ ಹಿಡಿಸಲಿಲ್ಲ. ಮಾತೂ ಬೇಡದ, ಕೈಯೂ ಬೇಡದ, ಸುಮ್ಮನೆ ನುಂಗಿಬಿಡುವಂಥದ್ದು ಅವನಿಗೆ ಬೇಕಿತ್ತು. ದಿನಾ ನುಂಗುವ ಮಾತ್ರೆ ಕೇಳಿದ.

ಡಾಕ್ಟರು ಬರೆದುಕೊಟ್ಟರು. ಆಕಳಿಕೆ ಬರಬಹುದು, ಹೊಟ್ಟೆ ತೊಳಸಬಹುದು, ಕೆಲವರಿಗೆ ಮನಸ್ಸು ಮಂಕಾಗುತ್ತದೆ, ಹಾಗೇನಾದರೂ ಅನ್ನಿಸಿದರೆ ಬಂದು ಹೇಳಿ, ನಿಮ್ಮಷ್ಟಕ್ಕೆ ನೀವೇ ಒಮ್ಮೆಲೇ ನಿಲ್ಲಿಸಬೇಡಿ ಅಂದರು. ಅವನು ಹೂಂ ಅಂದ.

ಮಾತ್ರೆ ಕೆಲಸ ಮಾಡಿತು. ಕೆಲವು ವಾರಗಳಲ್ಲಿ ಅವನು ಬೇರೆಯೇ ಗಂಡಸಾದ. ಎಷ್ಟೋ ಸಲ ಅವಳೇ "ಸಾಕು" ಅನ್ನುವ ಹಾಗಾಯಿತು. ಅವಳು ಹಾಡು ಗುನುಗುತ್ತ ಹೊಲಿಗೆ ಯಂತ್ರದ ಮುಂದೆ ಕೂರುತ್ತಿದ್ದಳು. ಅವನು ಅಂಗಡಿಗೆ ಹೋಗಿ ಆಕಳಿಸುತ್ತ ಗಾಜು ಕತ್ತರಿಸುತ್ತಿದ್ದ.

ಉಳಿದದ್ದೆಲ್ಲ ಯಾವಾಗ ದೂರ ಸರಿಯಿತೋ ಅವನ ಗಮನಕ್ಕೆ ಬರಲಿಲ್ಲ. ಊಟದ ರುಚಿ ಹೋಗಿರಲಿಲ್ಲ, ರುಚಿಯಾಗಿದ್ದರೆ ಏನಾಯಿತು ಎನ್ನಿಸುತ್ತಿತ್ತು. ಗಿರಾಕಿ ಕೂಗಾಡಿದರೆ ಕೇಳಿಸಿಕೊಂಡು ನಿಲ್ಲುತ್ತಿದ್ದ. ಹೊಗಳಿದರೂ ಹಾಗೆಯೇ ನಿಲ್ಲುತ್ತಿದ್ದ. ಒಂದು ದಿನ ಬಟ್ಟೆ ಅಂಗಡಿಯೊಂದರ ಮುಂಭಾಗಕ್ಕೆ ದೊಡ್ಡ ಹಾಳೆ ಕೂರಿಸುವಾಗ ಗಾಜಿಗೆ ಅಂಟಿಸಿ ಎತ್ತುವ ರಬ್ಬರಿನ ಹೀರುಹಿಡಿಕೆ ಜಾರಿ, ಗಾಜು ಅವನ ಭುಜದ ಪಕ್ಕಕ್ಕೇ ಬಂದು ಬಿದ್ದು ಪುಡಿಪುಡಿಯಾಯಿತು. ಮೈದುನ ಬಿಳಿಚಿಕೊಂಡು ಅಲ್ಲೇ ಮೆಟ್ಟಿಲ ಮೇಲೆ ಕುಸಿದ.

"ಭಾವ, ಕುತ್ತಿಗೆ ಹೋಗ್ತಿತ್ತು."

"ಹೂಂ" ಅಂದು ಅವನು ಪೊರಕೆ ತರಲು ಹೋದ. ಚೂರುಗಳನ್ನು ಗುಡಿಸಿ, ಅಂಗಡಿಯವನಿಗೆ ನಾಳೆ ಬೇರೆ ಹಾಳೆ ತರುತ್ತೇನೆ ಎಂದು ಹೇಳಿ, ಕೈ ತೊಳೆದುಕೊಂಡ. ಕೈ ನಡುಗುತ್ತಿರಲಿಲ್ಲ. ಒಳ್ಳೆಯದೇ ಆಯಿತು ಎಂದುಕೊಂಡ.

ಅದಾಗಿ ಸ್ವಲ್ಪ ದಿನಕ್ಕೇ ಅತ್ತೆ ತೀರಿಕೊಂಡಳು. ಬೆಳಗ್ಗೆ ಎದ್ದು ಬಾಗಿಲು ತೆರೆದು ಮತ್ತೆ ಮಲಗಿದವಳು ಏಳಲಿಲ್ಲ. ಮನೆಯ ಮುಂದಿನ ಕೋಣೆಯಲ್ಲಿ ಕುರ್ಚಿ ಹಾಕಿದ್ದರು. ಬಂದವರೆಲ್ಲ ಅವನ ಹತ್ತಿರ ಬಂದು, "ನಿನ್ನನ್ನ ಮಗ ಅಂತಾನೇ ತಿಳ್ಕೊಂಡಿದ್ರು" ಎಂದು ಅವನ ಕೈ ಹಿಡಿದುಕೊಂಡು ಅತ್ತರು. ಅವನು ಕೈ ಕೊಟ್ಟು ನಿಂತ. ಅಳು ಬರಲಿ ಎಂದು ಅವಳು ಬಡಿಸುತ್ತಿದ್ದುದನ್ನು ನೆನೆದ, ಮಗಳ ಕಾಯಿಲೆಯಲ್ಲಿ ಅವಳು ಆಸ್ಪತ್ರೆಯ ಬೆಂಚಿನ ಮೇಲೆ ಮಲಗುತ್ತಿದ್ದುದನ್ನು ನೆನೆದ. ಎಲ್ಲ ನೆನಪಿಗೆ ಬಂತು, ಬೇರೆ ಯಾರದೋ ಮನೆಯ ಫೋಟೋ ನೋಡಿದ ಹಾಗೆ. ಹಸಿವಾಗುತ್ತಿತ್ತು. ಮಣ್ಣು ಮುಗಿಸಿ ಬಂದ ಮೇಲೆ ಊಟಕ್ಕೆ ಕೂತಾಗ ಎರಡನೇ ಸಲ ಬಡಿಸಿಕೊಂಡ.

ಮೈದುನ ಅದನ್ನು ನೋಡಿದ. ಹಿತ್ತಲ ಬಾಗಿಲಲ್ಲಿ ಕೈ ತೊಳೆಯುವಾಗ ಹತ್ತಿರ ಬಂದು ತಗ್ಗಿದ ದನಿಯಲ್ಲಿ, "ಹೊಸ ಸಂಸಾರ ಆದ್ಮೇಲೆ ಹಳೇ ಮನೆ ಲೆಕ್ಕಕ್ಕಿಲ್ಲ ಅಲ್ವಾ ಭಾವ?" ಅಂದ.

ಗಾಜಿನವನಿಗೆ ಆ ಮಾತು ಚುಚ್ಚಲಿಲ್ಲ. "ಟವೆಲ್ ಎಲ್ಲಿದೆ?" ಎಂದು ಕೇಳಿದ.

ಮನೆಗೆ ಬಂದ ಮೇಲೆ ಪರದೆಯವಳು ಮುದುಕಿಯನ್ನು ನೆನೆದು ಕಣ್ಣೊರೆಸಿಕೊಂಡಳು. ಅವಳಿಗೆ ಆಕೆ ಏನೂ ಆಗಬೇಕಿರಲಿಲ್ಲ. ಅವನು ಬೂಟು ಬಿಚ್ಚುತ್ತ ಅವಳನ್ನೇ ನೋಡುತ್ತಿದ್ದ.

"ನಿಮಗೇನೂ ಅನ್ನಿಸ್ತಿಲ್ವಾ?"

"ಇಲ್ಲ."

"ಎಷ್ಟು ದಿನದಿಂದ ಹೀಗೆ?"

"ಗೊತ್ತಿಲ್ಲ. ಮಾತ್ರೆ ಶುರು ಮಾಡಿದ್ಮೇಲೆ ಇರ್ಬೇಕು."

"ನನ್ನ ಮೇಲೆ?"

ಅವನಿಗೆ ಸುಳ್ಳು ಹೇಳಿ ಅಭ್ಯಾಸವಿರಲಿಲ್ಲ. ಯೋಚನೆ ಮಾಡಿ ಹೇಳಿದ: "ನೀನು ಒಳ್ಳೆಯವಳು ಅಂತ ಗೊತ್ತು."

ಅವಳು ಕಣ್ಣೊರೆಸುವುದನ್ನು ನಿಲ್ಲಿಸಿದಳು. "ಬಾಡಿಗೆಗೆ ಇಟ್ಕೊಂಡೋರಿಗೆ ಹೇಳೋ ಮಾತು ಇದು."

"ಆದ್ರೆ ಈಗ ಎಲ್ಲ ಸರಿಯಾಗಿದೆಯಲ್ಲ" ಅಂದ. "ನೀನೇ ಕೇಳಿದ್ದು."

"ಕೇಳಿದ್ದೆ, ಹೌದು. ಅದೊಂದು ಸರಿಯಾಗಿದೆ. ಆ ಮುಲಾಮು ಹಚ್ಕೊಂಡ ದಿನ ನೀವು ನಕ್ಕಿದ್ರಲ್ಲ, ಅವತ್ತು ಏನೂ ಆಗಿರ್ಲಿಲ್ಲ, ಆದ್ರೂ ನಂಗೆ ಖುಷಿಯಾಗಿತ್ತು. ಈಗ ಎಲ್ಲ ಆಗುತ್ತೆ, ಆಮೇಲೆ ನೀವು ಎದ್ದು ಪಾಳಿ ಮುಗಿದವರ ಹಾಗೆ ಹೋಗ್ತೀರ."

ಅವನು ಬೂಟುಗಳನ್ನು ಜೋಡಿಸಿ ಬಾಗಿಲ ಬಳಿ ಇಟ್ಟ. ಅವಳು ಹೇಳಿದ್ದು ನಿಜವೆಂದು ತಿಳಿಯುತ್ತಿತ್ತು. ಮಾತ್ರೆ ಬಿಟ್ಟರೆ ಮತ್ತೆ ಹಳೆಯ ಕಥೆ ಎಂದೂ ತಿಳಿಯುತ್ತಿತ್ತು. ಎರಡರಲ್ಲಿ ಯಾವುದೂ ಅವನನ್ನು ಅಲುಗಿಸಲಿಲ್ಲ. ಅದೇ ಸರಿಯಿಲ್ಲ ಎಂದು ಲೆಕ್ಕ ಹಾಕಿದವನ ಹಾಗೆ ತೀರ್ಮಾನಿಸಿ, ಮರುದಿನ ಆಸ್ಪತ್ರೆಗೆ ಹೋದ. ಈ ಸಲ ಒಬ್ಬನೇ.

ಡಾಕ್ಟರು, "ಇದನ್ನ ಮೊದಲೇ ಬಂದು ಹೇಳ್ಬೇಕಿತ್ತು" ಅಂದರು. ಪ್ರಮಾಣವನ್ನು ಸ್ವಲ್ಪ ಸ್ವಲ್ಪವಾಗಿ ಇಳಿಸಿದರು. ಇಳಿಸುವಾಗ ತಲೆ ತಿರುಗಿತು, ಚಿತ್ರವಿಚಿತ್ರ ಕನಸು ಬಿದ್ದವು. ಏಣಿ ಹತ್ತಬೇಡಿ ಎಂದಿದ್ದರಿಂದ ಒಂದಷ್ಟು ದಿನ ಮೇಜಿನ ಕೆಲಸ ಮಾತ್ರ ಮಾಡಿದ. ಮಾತ್ರೆ ಪೂರ್ತಿ ನಿಂತ ಮೇಲೆ ಆಪ್ತಸಲಹೆಯವರ ಬಳಿ ಕಳಿಸಿದರು. ಚಿಕ್ಕ ಕೋಣೆ, ನಡುವಯಸ್ಸಿನ ಹೆಂಗಸು, ಮೇಜಿನ ಮೇಲೆ ಒಂದು ನೀರಿನ ಹೂಜಿ. ಗಂಡಹೆಂಡಿರನ್ನು ಎದುರುಬದುರು ಕೂರಿಸಿದರು.

"ಆ ಮಾತು ಬರಲ್ಲ ಅಂತೀರಲ್ಲ, ಈಗ ಹೇಳಿ ನೋಡೋಣ" ಅಂದರು.

"ಏನು?"

"ನಿಲ್ಸು ಅಂತ."

ಅವನು ಹೂಜಿಯನ್ನು ನೋಡುತ್ತ, "ನಿಲ್ಸು" ಅಂದ.

"ಹೂಜಿಗಲ್ಲ, ಅವರಿಗೆ ಹೇಳಿ."

ಅವನು ಹೆಂಡತಿಯ ಮುಖ ನೋಡಿ ಹೇಳಿದ. ಕಿವಿ ಬಿಸಿಯಾದವು. ಎಷ್ಟೋ ತಿಂಗಳ ಮೇಲೆ ಮೈಯಲ್ಲಿ ಏನೋ ಒಂದು ಆದದ್ದು ಅವನ ಅರಿವಿಗೆ ಬಂತು. ಅದು ನಾಚಿಕೆ.

ಉಳಿದದ್ದು ಹಾಗೆ ಸಲೀಸಾಗಿ ಮರಳಲಿಲ್ಲ. ಮೊದಲು ಬಂದದ್ದು ಸಿಡುಕು. ಕನ್ನಡಿಯ ಅಳತೆಯನ್ನು ತಾನೇ ತಪ್ಪು ಕೊಟ್ಟು ಜಗಳಕ್ಕೆ ಬಂದ ಗಿರಾಕಿಯ ಮೇಲೆ ಹರಿಹಾಯ್ದ. ಅತ್ತೆಗಾಗಿ ಅಳು ಬರುತ್ತದೆಂದು ಕಾದ. ಬರಲಿಲ್ಲ. ರಜೆಯ ದಿನ ಕಾಲು ತಾನಾಗಿಯೇ ಅವಳ ಮನೆಯ ಬೀದಿಗೆ ತಿರುಗುತ್ತಿತ್ತು, ತಿರುವಿನಲ್ಲಿ ನಿಂತು ವಾಪಸು ಬರುತ್ತಿದ್ದ. ಅಷ್ಟೇ.

ಮನೆಯಲ್ಲಿ ಅಭ್ಯಾಸ ಮತ್ತೆ ಶುರುವಾಯಿತು. ಈ ಸಲ ಮಾತಿತ್ತು. ಮೊದಮೊದಲು ಅವನು ನಿಲ್ಲಿಸು ಅನ್ನುವುದು, ಅವಳು ತಟ್ಟನೆ ನಿಲ್ಲಿಸುವುದು, ಇಬ್ಬರೂ ಶಾಲೆಯ ಕವಾಯತಿನವರ ಹಾಗೆ ಕಾಯುವುದು ನಡೆಯಿತು. ಕೆಲವು ದಿನ ಬೇಕಾದಾಗ ಮಾತ್ರ ನುಂಗುವ ಮಾತ್ರೆಯ ಸಹಾಯ ತೆಗೆದುಕೊಂಡ. ಅದರಿಂದ ಸ್ವಲ್ಪ ತಲೆನೋವು ಬರುತ್ತಿತ್ತು, ಮರುದಿನಕ್ಕೆ ಉಳಿಯುತ್ತಿರಲಿಲ್ಲ. ಮೊದಲಿಗಿಂತ ಪರವಾಗಿಲ್ಲ ಎನ್ನುವಷ್ಟಾಯಿತು. ದಿನಾ ನುಂಗುತ್ತಿದ್ದ ಕಾಲದಷ್ಟು ಆಗಲಿಲ್ಲ.

ಒಮ್ಮೆ ಅವನು ಕೇಳಿದ, "ಅವಳು ಯಾಕೆ ಒಂದಿನಾನೂ ಹೇಳ್ಲಿಲ್ಲ?"

"ನಂಗೇನು ಗೊತ್ತು?" ಅಂದಳು ಅವಳು. "ನಾನು ಅವರನ್ನ ನೋಡೇ ಇಲ್ಲ."

ಮೈದುನ ಆ ಸಾವಿನ ನಂತರ ಕೆಲಸಕ್ಕೆ ಬರುತ್ತಿದ್ದ, ಆದರೆ "ಎಡಕ್ಕೆ", "ಮೆಟ್ಟಿಲು" ಅಷ್ಟೇ. ಭಾವ ಎನ್ನುವುದನ್ನು ಬಿಟ್ಟಿದ್ದ. ಒಂದು ಸಂಜೆ ಅಂಗಡಿಯ ಬಾಗಿಲು ಎಳೆಯುವ ಮುಂಚೆ ಗಾಜಿನವನು ಅವನನ್ನು ಕೂರಿಸಿಕೊಂಡು ಹೇಳಿದ: "ಅವತ್ತು ನಂಗೆ ಅಳು ಬರದೇ ಇದ್ದಿದ್ದು ಒಂದು ಮಾತ್ರೆಯಿಂದ."

"ಯಾವ ಮಾತ್ರೆ? ಏನಾಗಿದೆ ನಿಮಗೆ?"

ಏನಾಗಿದೆ ಎಂದು ಹೇಳಿದ. ಶೀಘ್ರಸ್ಖಲನ ಎಂಬ ಆಸ್ಪತ್ರೆಯ ಮಾತನ್ನೇ ಬಳಸಿದ, ಬೇರೆ ಮಾತು ಬಾಯಿಗೆ ಬರಲಿಲ್ಲ. ಮೈದುನ ಮೇಜಿನ ಕಂಬಳಿಯಿಂದ ಗಾಜಿನ ಪುಡಿಯನ್ನು ಬ್ರಷ್ಷಿನಲ್ಲಿ ತಳ್ಳುತ್ತ ಕೇಳಿಸಿಕೊಂಡ. ಬ್ರಷ್ಷು ನಿಂತಿತು.

"ಅಕ್ಕ ಇದ್ದಾಗಲೂ?"

"ಹೂಂ."

"ಡಾಕ್ಟ್ರಿಗೆ ತೋರಿಸ್ಕೊಳ್ಲಿಲ್ವಾ ಆಗ?"

"ಇಲ್ಲ. ಅವಳು ಏನೂ ಅನ್ಲಿಲ್ಲ. ನಾನೂ ಸುಮ್ಮನಿದ್ದೆ."

ಮೈದುನ ಉಳಿದ ಪುಡಿಯನ್ನೆಲ್ಲ ತಳ್ಳಿ ಮುಗಿಸಿದ. ಆಮೇಲೆ ಎದ್ದು, "ನನ್ನ ಅಕ್ಕನ ವಿಷಯ ನಂಗೆ ಇಷ್ಟು ಹೇಳ್ಬಾರ್ದಿತ್ತು" ಅಂದ. ಬ್ರಷ್ಷನ್ನು ಅದರ ಜಾಗದಲ್ಲಿ ನೇತುಹಾಕಿ ಹೊರಟುಹೋದ. ಎರಡು ದಿನ ಬರಲಿಲ್ಲ. ಮೂರನೆಯ ದಿನ ಬಂದು, ಏನೂ ಆಗದವನ ಹಾಗೆ ಕೈಗವಸು ಹಾಕಿಕೊಂಡು ಹಾಳೆಯ ಆ ತುದಿ ಹಿಡಿದ. ಬಾಗಿಲ ಹೊಸ್ತಿಲು ದಾಟುವಾಗ "ಭಾವ, ತಲೆ" ಅಂದ. ಗಾಜಿನವನು ತಲೆ ತಗ್ಗಿಸಿದ. ಆ ಮಾತನ್ನು ಇಬ್ಬರೂ ಮತ್ತೆ ಎತ್ತಲಿಲ್ಲ.

ಈಗಲೂ ಕೆಲವು ಭಾನುವಾರ ಸರಿಹೋಗುತ್ತದೆ, ಕೆಲವು ಭಾನುವಾರ ಇಲ್ಲ. ಹೋದ ವಾರ ಸರಿಹೋಗಲಿಲ್ಲ. ಅವನು "ಸಾರಿ" ಅಂದ. "ಇರ್ಲಿ ಬಿಡಿ, ಇನ್ನೂ ಹೊತ್ತಿದೆ" ಎಂದು ಅವಳು ಅವನ ಕೈಯನ್ನು ಎಳೆದು ತನಗೆ ಬೇಕಾದಲ್ಲಿ ಇಟ್ಟುಕೊಂಡಳು. ಆಮೇಲೆ ಎದ್ದು ಚಹಾ ಮಾಡಿ ತಂದಳು. ಇಬ್ಬರೂ ಹಾಸಿಗೆಯ ಮೇಲೆಯೇ ಕೂತು ಕುಡಿದರು. ನಾಳೆ ಗಾಜಿನ ಲಾರಿ ಎಷ್ಟು ಹೊತ್ತಿಗೆ ಬರುತ್ತದೆ ಎಂದು ಅವಳು ಕೇಳಿದಳು. ಬೆಳಗ್ಗೆಯೇ ಬರುತ್ತದೆ, ಇಳಿಸಿಕೊಳ್ಳಲು ಬೇಗ ಹೋಗಬೇಕು ಅಂದ.